ಬಿಳಿ ಗೂಟ ನೆಟ್ಟವರು

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡಿರುತ್ತಿತ್ತು. ನಲವತ್ತು ವರ್ಷ ಸರ್ವೇ ದುರ್ಬೀನಿಗೆ ಬಲಗಣ್ಣು ಒತ್ತಿ ಎಡಗಣ್ಣು ಮುಚ್ಚಿದ ಅಭ್ಯಾಸವನ್ನು ಆ ರೆಪ್ಪೆ ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ. ಹೊಸಬರಿಗೆ ಮುದುಕರು ಕಣ್ಣು ಹೊಡೆಯುತ್ತಿದ್ದಾರೆ ಅನಿಸುತ್ತಿತ್ತು. ನನಗೂ ಹಾಗೇ ಅನಿಸಿ, ಮೊದಲ ದಿನ ಮಗಳ ಕೈ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

ರಸ್ತೆ ಬದಿಯ ಹಣ್ಣಿನ ಅಂಗಡಿಯಲ್ಲಿ ಮಗಳು ಏಪ್ರಿಕಾಟುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. "ಎಲ್ಲಾನೂ ಮುಟ್ಟಬೇಡ ಕಣೇ, ಬೈತಾರೆ" ಎಂದೆ. ಹಿಂದಿನಿಂದ ಒಂದು ದನಿ ಬಂತು.

"ಯಾರೂ ಬೈಯೂದಿಲ್ರಿ. ಮುಟ್ಲಿ ಬಿಡ್ರಿ ಕೂಸು. ಮೈಸೂರ ಕಡೆಯವರೇನು?"

ನ್ಯೂಜಿಲೆಂಡಿನ ದಕ್ಷಿಣದ ಆ ಪುಟ್ಟ ಊರಿನಲ್ಲಿ ಕನ್ನಡ ಕೇಳಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತಿರುಗಿ ನೋಡಿದರೆ ಆ ಅರ್ಧ ಮುಚ್ಚಿದ ಕಣ್ಣು. ಅವರು ಹೊಸಪೇಟೆ ಕಡೆಯವರು. ಜಾಂಬಿಯಾದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಮೂವತ್ತೈದನೇ ವಯಸ್ಸಿಗೆ ಇಲ್ಲಿಗೆ ಬಂದು, ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಂದಿನಿಂದ ನಮಗೆ ಅವರು ಸರ್ವೇ ಅಂಕಲ್.

ಆಕ್ಲೆಂಡಿನಿಂದ ನಾನು ಅಲ್ಲಿಗೆ ಹೋದದ್ದು ಊರಿನ ಚಿಕ್ಕ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದರಿಂದ. ಗಂಡ ಆಕ್ಲೆಂಡಿನ ಈಸ್ಟ್ ತಮಾಕಿಯ ಕಾರ್ಖಾನೆಯ ಕೆಲಸ ಬಿಡುವಂತಿರಲಿಲ್ಲ. ನ್ಯೂಜಿಲೆಂಡ್ ಎಂದರೆ ಹಸಿರು ಎಂದುಕೊಂಡಿದ್ದ ನನಗೆ ಆ ಸೆಂಟ್ರಲ್ ಒಟಾಗೋ ಸೀಮೆ ಕಂಡು ಎದೆ ಧಸಕ್ಕೆಂದಿತ್ತು. ಬೋಳು ಗುಡ್ಡಗಳು, ಪದರು ಪದರಾಗಿ ಎದ್ದ ಬೂದು ಬಂಡೆಗಳು, ಒಣಹುಲ್ಲು, ಮೊಲದ ಬಿಲಗಳು. ಮೋಡಗಳು ಪಶ್ಚಿಮದ ಪರ್ವತಗಳ ಮೇಲೆಯೇ ಮಳೆ ಸುರಿಸಿ ಬರಿಗೈಯಲ್ಲಿ ಇತ್ತ ಬರುತ್ತಿದ್ದವು. ಮೂರು ತಿಂಗಳಲ್ಲಿ ವಾಪಸು ಹೋಗಿಬಿಡುತ್ತೇನೆ ಎಂದು ಗಂಡನಿಗೆ ಫೋನಿನಲ್ಲಿ ಹೇಳಿದ್ದೆ.

ಅಂಕಲ್ ಅದನ್ನು ಕೇಳಿ ನಕ್ಕರು. "ಇದು ನಮ್ಮ ಬಳ್ಳಾರಿ ಐತಿ ತಂಗಿ. ಚಳಿ ಒಂದು ಜಾಸ್ತಿ, ಅಷ್ಟ. ಮೊದಲ ನೆಲಾ ನೋಡು, ಆಮ್ಯಾಲೆ ಬ್ಯಾಸರ ಮಾಡ್ಕೊಳ್ಳೋವಂತಿ."

ನೆಲ ತೋರಿಸಿದವರು ಅವರೇ. ಗುಡ್ಡದ ತುಂಬ ತಾನಾಗಿ ಹಬ್ಬಿದ ಥೈಮ್ ಗಿಡದ ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದರು. ಥೇಟ್ ಓಮದ ವಾಸನೆ. ಅದನ್ನು ಅವರು ಮಜ್ಜಿಗೆಗೆ ಹಾಕುತ್ತಿದ್ದರು. ನದಿದಂಡೆಯ ಬಂಡೆಯ ಸಂದಿಗಳಲ್ಲಿ ಹಿಂದೆ ಚಿನ್ನ ಅರಸಿ ಬಂದ ಚೀನೀ ಗಣಿಗಾರರು ಕಲ್ಲು ಜೋಡಿಸಿ ಕಟ್ಟಿಕೊಂಡಿದ್ದ ಗೂಡುಗಳನ್ನು ತೋರಿಸಿದರು. ಒಳಗೆ ಬಗ್ಗಿ ಕೂತು, "ಇಲ್ಲಿ ಕುಂತವಗೂ ತನ್ನೂರು ನೆನಪಾಗಿರಬೇಕಲ್ಲ" ಎಂದರು.

ಡಿಸೆಂಬರಿಗೆ ಅಲ್ಲಿನ ಬೇಸಿಗೆ ಬಂತೆಂದರೆ ಆ ಊರಿನ ಚಹರೆಯೇ ಬದಲಾಗುತ್ತಿತ್ತು. ರಾತ್ರಿ ಒಂಬತ್ತಾದರೂ ಮುಳುಗದ ಸೂರ್ಯ, ಹಣ್ಣು ಕೀಳಲು ಬಂದ ದೇಶದೇಶದ ಹುಡುಗ ಹುಡುಗಿಯರು, ಹಳೇ ಕಾರುಗಳ ಮೆರವಣಿಗೆ, ಕೆರೆದಂಡೆಯ ಭಾನುವಾರದ ಸಂತೆ. ಜನವರಿಯ ಭಾನುವಾರಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಊರಿನ ಇತಿಹಾಸದ ನಡಿಗೆ. ಅದನ್ನು ನಡೆಸುತ್ತಿದ್ದವರು ನಮ್ಮ ಅಂಕಲ್. ಹುಲ್ಲಿನ ಟೋಪಿ, ಕಪ್ಪು ಕೊಡೆ, ಜೇಬಿನಲ್ಲಿ ಶೇಂಗಾ ಚಟ್ನಿ ಪುಡಿ ಹಚ್ಚಿದ ಬ್ರೆಡ್ಡು. ಚಿನ್ನ ಸಿಕ್ಕ ಕಥೆ, ಮುಖ್ಯಬೀದಿಯ ಕಥೆ, ಆಮೇಲೆ ಕೆಳಗೆ ಅಣೆಕಟ್ಟು ಬಂದು ಬೀದಿಯ ಅರ್ಧ ಭಾಗವೂ ಕಣಿವೆಯ ಹಣ್ಣಿನ ತೋಟಗಳೂ ಮುಳುಗಿದ ಕಥೆ. ಈಗ ಮಕ್ಕಳು ದೋಣಿ ಬಿಡುವ ನೀಲಿ ಕೆರೆಯನ್ನು ಕೊಡೆಯಿಂದ ತೋರಿಸಿ, "ಅಲ್ಲಿ ಬೇಕರಿ, ಅದರ ಪಕ್ಕ ಅಂಚೆಕಚೇರಿ" ಎನ್ನುತ್ತಿದ್ದರು. ತಾವೇ ಅಲ್ಲಿ ಬ್ರೆಡ್ಡು ಕೊಂಡಿದ್ದವರ ಹಾಗೆ. ಕೊಂಡೂ ಇದ್ದರು.

ಎರಡನೇ ಬೇಸಿಗೆ ನನ್ನ ಪಾಲಿಗೆ ಕೆಟ್ಟದ್ದಾಗಿತ್ತು. ವಾರ್ಡಿನಲ್ಲಿದ್ದ ಒಬ್ಬ ವೃದ್ಧರನ್ನು ಸ್ನಾನದ ಮನೆಗೆ ಕರೆದೊಯ್ದಿದ್ದೆ. ಒಬ್ಬರನ್ನೇ ಬಿಡಬಾರದೆಂದು ಚಾರ್ಟಿನಲ್ಲಿ ಬರೆದಿತ್ತು. ಪಕ್ಕದ ಕೋಣೆಯ ರೋಗಿಯ ಕರೆಗಂಟೆ ಮೊಳಗಿತು. "ಹೋಗಮ್ಮಾ, ನಾನೇನು ಮಗುವೇ?" ಎಂದು ಅವರು ನಕ್ಕರು. ಎರಡು ನಿಮಿಷ ಹೋಗಿ ಬಂದೆ. ಅಷ್ಟರಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಮೂರು ವಾರಕ್ಕೆ ತೀರಿಕೊಂಡರು. ನಾನು ವರದಿಯಲ್ಲಿ "ಕಾಲು ಜಾರಿ ಬಿದ್ದರು" ಎಂದಷ್ಟೇ ಬರೆದಿದ್ದೆ. ಅವರ ಮಗ ಬಂದು, "ಅಪ್ಪನ ಜೊತೆ ಯಾರಿದ್ದರು?" ಎಂದು ಎಲ್ಲರನ್ನೂ ಕೇಳಿದಾಗ ನಾನು ಔಷಧಿ ಬಂಡಿಯ ಹಿಂದೆ ನಿಂತು ಸುಮ್ಮನಿದ್ದೆ. ಅಂಕಲ್‌ಗೂ ಹೇಳಿರಲಿಲ್ಲ.

ಆ ಜನವರಿಯ ಮೂರನೇ ಭಾನುವಾರ ನಾನೂ ಮಗಳೂ ನಡಿಗೆಗೆ ಹೋಗಿದ್ದೆವು. ಹದಿನೈದು ಜನರಿದ್ದರು. ಅಂಕಲ್ ಎಂದಿನಂತೆ ಕೆರೆಯ ಅಂಚಿನಲ್ಲಿ ನಿಂತು ಇಂಗ್ಲಿಷಿನಲ್ಲಿ, "ಆಗ ಸರ್ವೇಯವರು ಬಂದು, ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಬಿಳಿ ಗೂಟ ನೆಟ್ಟು ಹೋದರು" ಎಂದರು. ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಮುಂದೆ ಬಂದರು. ಬಿಸಿಲಿಗೆ ಕಂದಿದ ಮುಖ, ತೋಟದ ಕೆಲಸದ ಒರಟು ಕೈ.

"ನಮ್ಮ ಏಪ್ರಿಕಾಟ್ ತೋಟಕ್ಕೂ ಒಬ್ಬ ಬಂದಿದ್ದ. ಅಮ್ಮ ಅವನಿಗೆ ಚಹಾ ಕೊಟ್ಟು, ಎಷ್ಟು ಮುಳುಗುತ್ತದೆ ಎಂದು ಕೇಳಿದಳು. ಕೆಳಗಿನ ಎರಡು ಸಾಲು ಹೋಗಬಹುದು ಎಂದ. ನಾನು ಹತ್ತೊಂಬತ್ತರ ಹುಡುಗಿ, ಪಕ್ಕದಲ್ಲೇ ಇದ್ದೆ. ಆ ಮಾತು ನಂಬಿ ಅಮ್ಮ ಮೇಲಿನ ಸಾಲುಗಳಿಗೆ ಹೊಸ ಸಸಿ ಹಾಕಿದಳು. ಎಲ್ಲಾ ಹೋಯಿತು. ಆ ಸರ್ವೇಯವರು ಯಾರು, ಈಗೆಲ್ಲಿದ್ದಾರೆ, ನಿಮಗೆ ಗೊತ್ತೇ?"

ಆ ಪ್ರಶ್ನೆಯಲ್ಲಿ ಆರೋಪವಿರಲಿಲ್ಲ. ನಲವತ್ತು ವರ್ಷದ ಹಿಂದಿನ ಕಪ್ಪು ಕೂದಲಿನವನನ್ನು ಆಕೆ ಈ ಮುದುಕರಲ್ಲಿ ಗುರುತು ಹಿಡಿದಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅಂಕಲ್ ಕೊಡೆ ಮಡಚಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ನಾನೇ," ಎಂದರು. "ಚಹಾ ಕುಡಿದವನು ನಾನೇ. ತೋಟ ಪೂರ್ತಿ ಹೋಗುತ್ತದೆ ಎಂದು ನನ್ನ ಸರ್ವೇ ಪುಸ್ತಕದಲ್ಲಿ ಬರೆದಾಗಿತ್ತು. ಹೇಳಬಾರದೆಂದು ಅಪ್ಪಣೆ ಇತ್ತು ನಿಜ. ಆದರೆ ಸುಮ್ಮನಿರಬಹುದಿತ್ತು. ನಿಮ್ಮ ತಾಯಿಯ ಮುಖ ನೋಡಿ ಸುಳ್ಳು ಹೇಳಿದೆ. ಅದನ್ನು ಹೇಳು ಎಂದು ಯಾರೂ ಅಪ್ಪಣೆ ಮಾಡಿರಲಿಲ್ಲ."

ಆಕೆ ಅವರನ್ನೇ ನೋಡಿದರು. "ಆ ಚಳಿಗಾಲವೆಲ್ಲ ಅಮ್ಮ ಹಿಮಕ್ಕೆ ಸಾಯದಿರಲಿ ಎಂದು ಸಸಿಗಳಿಗೆ ಗೋಣಿಚೀಲ ಸುತ್ತಿದಳು" ಎಂದು ಮಾತ್ರ ಹೇಳಿ, ತಿರುಗಿ ನಡೆದುಹೋದರು. ಅಂಕಲ್ ನಡಿಗೆಯನ್ನು ಕೊನೆಯವರೆಗೂ ಮುಗಿಸಿದರು.

ಜನ ಚದುರಿದ ಮೇಲೆ ಬೆಂಚಿನ ಮೇಲೆ ಕೂತೆವು. ಬ್ರೆಡ್ಡು ತೆಗೆದು ಮಗಳ ಕೈಗೆ ಕೊಟ್ಟರು, ತಾವು ತಿನ್ನಲಿಲ್ಲ.

"ಅಂಕಲ್, ಯಾಕೆ ಹೇಳಿದ್ರಿ? ಆಕೆಗೆ ಗೊತ್ತೇ ಇರಲಿಲ್ಲ."

"ಅದಕ್ಕಽ ಹೇಳಬೇಕಿತ್ತು." ಕೊಡೆಯ ತುದಿಯನ್ನು ನೀರಿನತ್ತ ಚಾಚಿದರು. "ನಮ್ಮೂರೂ ತುಂಗಭದ್ರಾ ಡ್ಯಾಮಿನಾಗ ಮುಳುಗೇತಿ ತಂಗಿ. ನನಗಾಗ ಏಳು ವರ್ಷ. ನೀರು ಹೊಲಕ್ಕ ಬರೂದಿಲ್ಲ ಅಂತ ಯಾವನೋ ಸಾಹೇಬ ನಮ್ಮಪ್ಪಗ ಹೇಳಿದ್ನಂತ. ನಮ್ಮಪ್ಪ ಆ ವರ್ಷ ಜ್ವಾಳ ಬಿತ್ತಿದ್ದ. ಸಾಯೋತನಕ ಆ ಸಾಹೇಬನ್ನ ಬೈದ. ಅದು ಗೊತ್ತಿದ್ದೂ ನಾನೂ ಅವನಂಗಽ ಮಾಡಿದೆ ನೋಡು."

ಮರುದಿನ ನನಗೆ ರಜೆಯಿತ್ತು. ಮೊದಲು ಮೇಲ್ವಿಚಾರಕಿಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ವಿಚಾರಣೆ ನಡೆಯುತ್ತದೆ, ನರ್ಸ್ ನೋಂದಣಿಗೇ ಕುತ್ತು ಬರಬಹುದು ಎಂದರು. ನಂತರ ಅವರ ಮೂಲಕವೇ ಆ ವೃದ್ಧರ ಮಗನಿಗೆ ವಿಷಯ ತಿಳಿಸಿ, ಅವರು ಒಪ್ಪಿದ ಮೇಲೆ ಭೇಟಿಯಾದೆ. ನನ್ನ ಮಾತನ್ನೆಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ನೀನು ಹೊರಗೆ ಹೋಗುವಾಗ ಅಪ್ಪ ಹೆದರಿದ್ದನಾ?"

"ಇಲ್ಲ. ನಗುತ್ತಿದ್ದರು. ನಾನೇನು ಮಗುವೇ ಅಂದರು."

ಅವರು ಮುಖ ಮುಚ್ಚಿಕೊಂಡು ಅತ್ತರು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಏಳುವಾಗ, "ಅದೊಂದು ನನಗೆ ತಿಳಿಯಬೇಕಾಗಿತ್ತು" ಎಂದರು. ನನಗೆ ಲಿಖಿತ ಎಚ್ಚರಿಕೆ ಬಂತು. ಒಂದು ವರ್ಷ ಬೇರೆಯವರ ಕಣ್ಗಾವಲಿನಲ್ಲಿ ಕೆಲಸ ಮಾಡಿದೆ.

ಫೆಬ್ರವರಿಯ ಒಂದು ಬೆಳಿಗ್ಗೆ ತೋಟದ ಹೆಂಗಸು ತಮ್ಮ ತೋಟದ ಪುಟ್ಟ ಟ್ರಕ್ಕಿನಲ್ಲಿ ಅಂಕಲ್ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಆಕೆ ಕೂರಲಿಲ್ಲ. ತಾಯಿ ಹೂಬಿಟ್ಟ ಮರದ ಕೆಳಗೆ ನಿಂತಿದ್ದ ಒಂದು ಫೋಟೋ ಮೇಜಿನ ಮೇಲಿಟ್ಟು, "ನಡಿಗೆಯಲ್ಲಿ ಇದನ್ನು ತೋರಿಸಿ. ಕಥೆಯನ್ನು ಸರಿಯಾಗಿ ಹೇಳಿ" ಎಂದರು. ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಅಂಕಲ್ ಆ ಫೋಟೋ ಎತ್ತಿ ಹಿಡಿದು, "ಗೂಟ ನೆಟ್ಟವನು ನಾನು, ಸುಳ್ಳು ಹೇಳಿದವನೂ ನಾನು" ಎಂದೇ ಶುರುಮಾಡುತ್ತಿದ್ದರು. ಆಕೆ ಕೆಲವು ಸಲ ಬಂದು ಹಿಂದೆ ನಿಂತು ಕೇಳುತ್ತಿದ್ದರು. ಮೂರನೇ ವರ್ಷ ಮಧ್ಯೆ ಬಾಯಿ ಹಾಕಿ, "ಎರಡು ಕಪ್ ಚಹಾ ಕುಡಿದಿದ್ದ" ಎಂದು ತಿದ್ದಿದಾಗ ಎಲ್ಲರೂ ನಕ್ಕರು. ಅಂಕಲ್ ಕೂಡ.

ಅವರು ತೀರಿಕೊಂಡದ್ದು ನಮ್ಮ ವಾರ್ಡಿನಲ್ಲೇ, ಒಂದು ಶರತ್ಕಾಲದಲ್ಲಿ. ಹೃದಯ ಸೋತಿತ್ತು. ಎರಡು ದಿನ ಮೊದಲು, ಮಧ್ಯಾಹ್ನ ದಿಂಬು ಸರಿಮಾಡುತ್ತಾ, ವರ್ಷಗಳಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಅಂಕಲ್, ಆವತ್ತು ಕೆರೆ ಹತ್ರ ಹೇಳೋಕ್ ಮುಂಚೆ ನಿಮಗೆ ಭಯ ಆಗ್ಲಿಲ್ವಾ?"

"ಆಗದೇನು? ಕಾಲು ಗಡಗಡ ನಡುಗತಿದ್ವು. ನಿನಗ ಕಾಣಲಿಲ್ಲೇನು?"

"ಇಲ್ಲ ಅಂಕಲ್."

"ಛಲೋ ಆತು ಬಿಡು."

ಈಗ ನಾನು ಆಕ್ಲೆಂಡಿಗೆ ಮರಳಿ ಮೌಂಟ್ ಆಲ್ಬರ್ಟ್‌ನಲ್ಲಿದ್ದೇನೆ. ಹೊಸ ನರ್ಸುಗಳಿಗೆ ಕೆಲಸ ಕಲಿಸುತ್ತೇನೆ. ಮೊದಲ ದಿನವೇ ಅವರಿಗೆ ಆ ಸ್ನಾನದ ಮನೆಯ ಎರಡು ನಿಮಿಷಗಳ ಕಥೆ ಹೇಳುತ್ತೇನೆ, ನನ್ನದೇ ಎಂದು. ಪ್ರತಿ ಸಲವೂ ಹೇಳುವ ಮುನ್ನ ನನ್ನ ಕಾಲು ನಡುಗುತ್ತದೆ. ಆ ಹುಡುಗಿಯರಿಗೆ ಅದು ಕಾಣುವುದಿಲ್ಲ.