ಪೆಟ್ಟು ಬಿದ್ದ ನೆಲಕ್ಕೆ ಕೆಂಪು ದಾರ

ಬೆಳಗಿನ ಆರು ಗಂಟೆ. ನ್ಯಾಯಾಲಯದ ಮೆಟ್ಟಿಲು ಗುಡಿಸುವವರೇ ಇನ್ನೂ ಬಂದಿಲ್ಲ, ಕಡತದ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ದಾರ ಎಳೆಯುತ್ತಿದ್ದಾರೆ. ಸರಕು ತಯಾರಾದ ಊರಿನ ಕಾಗದಕ್ಕೆ ಕಪ್ಪು, ಚಿಕಿತ್ಸೆ ನಡೆದ ಊರಿನದಕ್ಕೆ ಬಿಳಿ, ಪೆಟ್ಟು ಬಿದ್ದ ಊರಿನದಕ್ಕೆ ಕೆಂಪು. ದಾರವೆಲ್ಲ ಹೆಂಡತಿಯ ಹೊಲಿಗೆ ಪೆಟ್ಟಿಗೆಯದು. "'ನನ್ನ ದಾರ ಎಲ್ಲಾ ಕೋರ್ಟಿಗೆ, ನಿಮ್ಮ ಅಂಗಿಗೆ ಮಾತ್ರ ಗುಂಡಿಯಿಲ್ಲ' ಅಂತ ದಿನಾ ಬೈತಾಳೆ," ಎಂದು ನಗುತ್ತಾರೆ.

ಸೇತುವೆ ದಾಟಿದರೆ ಬೇರೆ ದೇಶ, ಬೇರೆ ಕಾನೂನು. ಒಪ್ಪಂದವೇನೂ ಇಲ್ಲದೆ ಆಚೆಯವರಿಂದ ಈಚೆಯವರಿಗೆ ಹಾನಿಯಾದರೆ ಯಾರ ಕಾನೂನು ನಡೆಯಬೇಕು? ಸಾಮಾನ್ಯವಾಗಿ ಪೆಟ್ಟು ಬಿದ್ದ ನೆಲದ್ದು. ತೀರ್ಮಾನ ನ್ಯಾಯಾಧೀಶರದೇ, ಆದರೆ ಎಲ್ಲಿ ಏನಾಯಿತೆಂದು ಅವರು ಮೊದಲು ನೋಡುವ ಹಾಳೆ ಬರೆಯುವವರು ಇವರು. ದಿನಕ್ಕೆ ಏನಿಲ್ಲವೆಂದರೂ ಹತ್ತು ಕಡತ, ಹೀಗೆ ಮೂವತ್ತೊಂದು ವರ್ಷ. ಈ ತಿಂಗಳ ಕೊನೆಗೆ ನಿವೃತ್ತಿ.

ಇವರು ಸೇರಿದಾಗ ಈ ಕೋಣೆಯಲ್ಲಿ ನಾಲ್ವರು ಗುಮಾಸ್ತರು, ಟೈಪ್‌ರೈಟರ್‌ಗಳ ಟಕಟಕ, ಮಧ್ಯಾಹ್ನದ ಹರಟೆ. ಈಗ ಮೂರು ಕುರ್ಚಿ ಖಾಲಿ. ಆಗ ದಾರವೂ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಚೆ ತಯಾರಾದ ಏಣಿ ಮುರಿದು ಬಣ್ಣ ಬಳಿಯುವವರೊಬ್ಬರು ಬಿದ್ದರು. ಸೇತುವೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡರು. ಹಾನಿಯಾದ ಸ್ಥಳವೆಂದು ಇವರು ಆಸ್ಪತ್ರೆಯ ಊರನ್ನೇ ಬರೆದುಬಿಟ್ಟರು. ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ದಾವೆ ಹೂಡಲು ಆಚೆಯ ಕಾನೂನಿನಲ್ಲಿ ಒಂದೇ ವರ್ಷ, ಇಲ್ಲಿ ಮೂರು. ಎರಡನೇ ವರ್ಷ ಬಂದಿದ್ದ, ತೀರಿಕೊಂಡವರ ಹೆಂಡತಿಯ ದಾವೆ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗುವ ಶಕ್ತಿ ಆಕೆಗಿರಲಿಲ್ಲ.

"ಆಯಮ್ಮ ಬೈಯಲಿಲ್ಲ. 'ಅಣ್ಣಾ, ನಮ್ಮವರು ಬಿದ್ದಿದ್ದು ನಮ್ಮ ಬೀದೀಲೇ ಅಲ್ವಾ?' ಅಂದ್ರು, ಹೋದ್ರು. ಅಯ್ಯೋ, ಆ ಒಂದು ಮಾತು ನಾನು ಮೊದಲೇ ಕೇಳಬಾರದಿತ್ತಾ!" ಎನ್ನುತ್ತಾ ಗುಮಾಸ್ತರು ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಅವತ್ತಿನಿಂದ ಡಬ್ಬಿ, ದಾರ, ಮತ್ತು ಬಂದವರಿಗೆಲ್ಲ ಒಂದೇ ಪ್ರಶ್ನೆ.

ಇವತ್ತಿನ ಕಡತ ಬಟ್ಟೆ ಹೊಲಿಯುವ ಹೆಂಗಸಿನದು. ಆಚೆ ತಯಾರಾದ ಯಂತ್ರಕ್ಕೆ ಎರಡು ಬೆರಳು ಹೋಗಿವೆ. ಇದೂ ಎರಡನೇ ವರ್ಷ ಬಂದ ದಾವೆ. ಯಂತ್ರದ ಕಂಪನಿಯ ವಕೀಲರು ಬೆರಳು ತೆಗೆದ ಆಚೆಯ ಆಸ್ಪತ್ರೆಯ ಊರನ್ನೇ ಹಾನಿಯಾದ ಸ್ಥಳವೆಂದು ತೋರಿಸಿದ್ದಾರೆ. ಅದೇ ಗಟ್ಟಿಯಾದರೆ ಆಕೆಯ ಕತೆ ಮುಗಿದಂತೆ. ಎಂಟಕ್ಕೆಲ್ಲ ಆಕೆ ಬಾಗಿಲಲ್ಲಿದ್ದಾರೆ.

"ಪೆಟ್ಟು ಬಿದ್ದಾಗ ಕಾಲು ಯಾವ ನೆಲದ ಮೇಲಿತ್ತಮ್ಮಾ?"

"ನಮ್ಮನೇಲೇ ಅಣ್ಣಾ, ಕಿಟಕಿ ಪಕ್ಕ. ಎದುರುಮನೆಯವರೇ ಓಡಿ ಬಂದಿದ್ದು."

ಎದುರುಮನೆಯವರ ಹೇಳಿಕೆ ಕಡತದ ತಳದಲ್ಲಿ ಸಿಗುತ್ತದೆ. ಗುಮಾಸ್ತರು ಅದಕ್ಕೆ ಕೆಂಪು ದಾರ ಕಟ್ಟಿ ಮೇಲಿಡುತ್ತಾರೆ.

ಹನ್ನೊಂದೂವರೆಗೆ ನ್ಯಾಯಾಧೀಶರ ಆದೇಶದ ಸುದ್ದಿ ಬರುತ್ತದೆ: ಈಚೆಯ ಕಾನೂನೇ, ದಾವೆ ಮುಂದುವರಿಯಲಿ. ಆಕೆ ಮೂರು ಬೆರಳಿನ ಕೈಯನ್ನೂ ಸೇರಿಸಿ ಮುಗಿಯುತ್ತಾರೆ.

ಆದೇಶದಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎಂದರೆ ಗುಮಾಸ್ತರು ಕೈಯಾಡಿಸುತ್ತಾರೆ. "ನನ್ನ ಹೆಸರು ಯಾಕ್ರೀ? ಊರಿನ ಹೆಸರು ಸರಿಯಾಗಿದೆಯಲ್ಲ, ಸಾಕು." ಡಬ್ಬಿ ಮುಚ್ಚುತ್ತಾ ದನಿ ತಗ್ಗಿಸುತ್ತಾರೆ. "ಆ ಏಣಿಯವರ ಹೆಂಡತಿ ಎಲ್ಲಿದ್ದಾರೋ ಏನೋ. ಒಂದೇ ಒಂದ್ಸಲ ಸಿಗಬೇಕು. ಈಗ ಕೇಳ್ತೀನಮ್ಮಾ, ಎಲ್ಲರನ್ನೂ ಕೇಳ್ತೀನಿ ಅಂತ ಹೇಳಬೇಕು."