ತಮ್ಮ ಬಿಟ್ಟುಹೋದ ಷರತ್ತು

ಅಮ್ಮನ ಕಿವಿ ಮಂದವಾದಾಗ ತಮ್ಮ ಇನ್ನೂ ಓದುತ್ತಿದ್ದ. ಸುತ್ತಲಿನ ಗದ್ದಲವನ್ನು ಸೋಸಿ ಮಾತನ್ನಷ್ಟೇ ಉಳಿಸಿಕೊಡುವ ಪುಟ್ಟ ಪ್ರೋಗ್ರಾಂ ಒಂದನ್ನು ಅವಳಿಗೆಂದೇ ಬರೆದ. ಬರೆದದ್ದನ್ನು ಬಚ್ಚಿಡಲಿಲ್ಲ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂದು ಬಿಟ್ಟುಕೊಟ್ಟ. ಷರತ್ತು ಇಷ್ಟೇ: ಹಂಚುವವರು ಅವನ ಹೆಸರನ್ನೂ ಈ ಷರತ್ತು ಬರೆದ ಲೈಸೆನ್ಸ್ ಪುಟವನ್ನೂ ಜೊತೆಗಿಡಬೇಕು, ಇದನ್ನು ಸೇರಿಸಿ ಮಾಡಿದ್ದರ ಕೋಡನ್ನೂ ಕೇಳಿದವರಿಗೆ ಇಲ್ಲ ಅನ್ನಬಾರದು. ಆಮೇಲೆ ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ.

ಅಕ್ಕ ಇದ್ದದ್ದು ಕಿವಿ ಮಂದವಾದವರ ಫೋನಿಗೆ ಆ್ಯಪ್ ಮಾಡುವ ಸಣ್ಣ ಕಂಪನಿಯಲ್ಲಿ. ಎಲ್ಲರೂ ಬರೆದದ್ದನ್ನು ಒಟ್ಟುಗೂಡಿಸಿ, ಗಂಟು ಕಟ್ಟಿ ಜನರಿಗೆ ಕಳಿಸುವುದು ಅವಳ ಕೆಲಸ. ಪ್ರತಿ ಆವೃತ್ತಿಯೂ ಅವಳ ಕೈಯಲ್ಲೇ ಹೆರಿಗೆಯಾಗುವುದರಿಂದ ಜೊತೆಯವರು 'ಸೂಲಗಿತ್ತಿ' ಎಂದು ಛೇಡಿಸುತ್ತಿದ್ದರು. ತಮ್ಮನ ಪ್ರೋಗ್ರಾಂ ಅನ್ನು ಆ್ಯಪಿಗೆ ಸೇರಿಸಿದವಳೂ ಅವಳೇ. ಬರೆದವನು ತನ್ನ ತಮ್ಮನೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಒಂದು ಸಲ ಹೊಸ ಆವೃತ್ತಿ ಹೊರಡುವ ಹೊತ್ತಿಗೆ ನೋಡಿದರೆ ಲೈಸೆನ್ಸ್ ಪುಟವೇ ಮಾಯ. ಕಂಪನಿಯ ಯಜಮಾನರ ಕೋಣೆಗೆ ಹೋದಳು.

"ಸರ್, ಆ ಪುಟ ತೆಗೆದ್ರೆ ಇದನ್ನ ಹಂಚೋ ಹಕ್ಕೇ ನಮಗಿರಲ್ಲ."

"ಯಾರಮ್ಮ ಓದ್ತಾರೆ ಅದನ್ನ? ಮೇಲೆ ನಮ್ಮ ಆ್ಯಪಿನ ಕೋಡ್ ಬೇರೆ ಕೊಡ್ಬೇಕಂತೆ. ಬರೆದವನೇನು ಬಂದು ಕೇಳ್ತಾನಾ?"

"ಬರಲ್ಲ ಸರ್. ಅವನು ನನ್ನ ತಮ್ಮ. ಹೋಗ್ಬಿಟ್ಟ."

ಯಜಮಾನರು ಕೆಟ್ಟವರಲ್ಲ. ಗಡಬಡಿಸಿ ಎದ್ದು ನೀರು ಕೊಟ್ಟರು. ಆಮೇಲೆ ವಕೀಲರನ್ನು ಕೇಳಿ ದಾರಿ ಹುಡುಕಿದರು: ಆ ಪ್ರೋಗ್ರಾಂ ಅನ್ನು ಕಂಪನಿ ಹಂಚುವುದೇ ಬೇಡ, ಬೇಕಾದವರು ತಾವೇ ಬೇರೆಯಾಗಿ ಇಳಿಸಿಕೊಳ್ಳಲಿ. ಹಂಚದ ಮೇಲೆ ಷರತ್ತಿನ ಹಂಗೂ ಇಲ್ಲ. ಬೆರಳಿಟ್ಟು ತೋರಿಸಲು ಅದರಲ್ಲಿ ತಪ್ಪೇನೂ ಇರಲಿಲ್ಲ. ತಮ್ಮನ ಕೆಲಸವನ್ನು ಅವಳೇ ಕೈಯಾರೆ ಗಂಟಿನಿಂದ ಬಿಚ್ಚಿ ತೆಗೆದಳು.

ಬಳಸುವವರು ವಯಸ್ಸಾದವರು, ಬೇರೆಯಾಗಿ ಇಳಿಸಿಕೊಳ್ಳುವುದು ಎಷ್ಟು ಜನಕ್ಕೆ ಬಂದೀತು? ಕೇಳಿಸುತ್ತಿಲ್ಲ ಎಂಬ ದೂರುಗಳು ಬಂದವು, ಬರಬರುತ್ತಾ ಅವೂ ನಿಂತವು.

"ಅವನ ಹೆಸರು ಹೋದ್ರೆ ಹೋಗ್ಲಿ ಅಂತ ಸುಮ್ನಿರಬಾರದಿತ್ತೇನೇ?" ಎಂದಳು ಅಮ್ಮ.

"ಅವನು ಕೇಳಿದ್ದೇ ಅದೊಂದನ್ನ ಅಲ್ವೇನಮ್ಮ," ಎಂದಳು.

ರಜೆಯ ದಿನ ಅವಳು ದೂರು ಕೊಟ್ಟಿದ್ದವರ ಮನೆ ಹುಡುಕಿಕೊಂಡು ಹೋಗತೊಡಗಿದಳು. ಕೆಲವರ ಫೋನಿಗೆ ತಮ್ಮನ ಪ್ರೋಗ್ರಾಂ ಹಾಕಿಕೊಟ್ಟಳು. ಒಂದು ಮನೆಯಲ್ಲಿ ಸೊಸೆ ಬಾಗಿಲು ತೆರೆದಳು.

"ಮಾವ ಫೋನ್ ಮುಟ್ಟೋದೇ ಬಿಟ್ಟಿದಾರೆ. ಈಗ ಯಾರ ಜೊತೆಗೂ ಮಾತಿಲ್ಲ."

ಮುದುಕರು ಕಿಟಕಿಯ ಹತ್ತಿರ ಕೂತಿದ್ದರು. ಅವಳು ಫೋನು ಮುಂದೆ ಹಿಡಿದಳು. ಅವರು ನೋಡಿ, ಬೇಡವೆಂದು ಮೆಲ್ಲಗೆ ಕೈಯಾಡಿಸಿದರು. ಸ್ವಲ್ಪ ಹೊತ್ತು ಅವರ ಪಕ್ಕದಲ್ಲೇ ಕೂತಿದ್ದು, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಳು.