ಸಾಲಿಗೆ ಸೇರದ ಅಂಗಿ

ತೀರಿಹೋದವರು ಬಂದು ಉಂಡುಹೋಗುತ್ತಾರೆ ಎಂಬಂಥ ಮಾತನ್ನು ನಾನು ಎಂದೂ ನಂಬಿದವನಲ್ಲ. ದಿನಚರಿ ಬರೆಯುವ ಚಟ ನನಗೆ. ಯಾವತ್ತು ಏನಾಯಿತು, ಯಾರು ಎಲ್ಲಿದ್ದರು ಎಂದು ಬರೆದಿಟ್ಟರೆ ಎಲ್ಲಕ್ಕೂ ಕಾರಣ ಸಿಗುತ್ತದೆ ಎಂದುಕೊಂಡಿದ್ದೆ. ಗೋವಿನಕೋವಿಯ ನಮ್ಮ ಮನೆಯಲ್ಲಿ ನಡೆದ ಈ ಒಂದು ಸಂಗತಿಗೆ ಮಾತ್ರ ಸಿಕ್ಕಿಲ್ಲ.

ನಮ್ಮ ಚಿಕ್ಕಪ್ಪ ಸೈನ್ಯದಲ್ಲಿದ್ದರು. ಎಪ್ಪತ್ತೊಂದರ ಯುದ್ಧಕ್ಕೆ ಹೋದವರು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಕಾಣೆಯಾಗಿದ್ದಾರೆ ಎಂದು ಮೊದಲು ತಂತಿ ಬಂತು. ತೀರಿಕೊಂಡಿರಬೇಕು ಎಂದು ಆಮೇಲೆ ಕಾಗದ ಬಂತು. ಚಿಕ್ಕಮ್ಮ ಬಳೆ ತೆಗೆಯಲಿಲ್ಲ. ರಜೆಗೆ ಬಂದಾಗ ಚಿಕ್ಕಪ್ಪ ಬಿಟ್ಟುಹೋದ ಹಸಿರು ಅಂಗಿಯನ್ನು ಒಗೆದೊಗೆದು ಒಳಕೋಣೆಯ ಗೂಟಕ್ಕೇ ತೂಗುಹಾಕುತ್ತಿದ್ದರು.

ಹಿರಿಯರ ಹಬ್ಬಕ್ಕೆ ನಮ್ಮಲ್ಲಿ ತೀರಿಹೋದವರ ಬಟ್ಟೆ ಮಡಚಿ, ಮಣೆಯ ಮೇಲೆ ಸಾಲಾಗಿಟ್ಟು, ಮುಂದೆ ಎಲೆ ಹಾಕಿ ಎಡೆ ಬಡಿಸುತ್ತಾರೆ. ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಎಂಬತ್ತರ ದಶಕ ಶುರುವಾಗಿದ್ದ ಆ ವರ್ಷ, ಜಗಳೂರಿನಿಂದ ಬಂದ ದೊಡ್ಡಪ್ಪ ಹಟ ಹಿಡಿದರು.

“ಈ ಸಲ ತಮ್ಮನ ಅಂಗಿನೂ ಇಡಾನ. ಇನ್ನೂ ಎಷ್ಟು ವರ್ಷ ಅವನು ಹಸಗೊಂಡು ಅಲೀಬೇಕು?”

“ಹಸಿದ್ರೆ ಮನೆಗೆ ಬಂದು ಉಣ್ತಾರೆ ಬಿಡ್ರಿ ಭಾವ,” ಎಂದರು ಚಿಕ್ಕಮ್ಮ. “ಸತ್ತೋರ ಸಾಲಿನಾಗೆ ಕೂತು ಉಣ್ಣಾಕೆ ಅವರಿಗೇನು ಗ್ರಹಚಾರ?”

“ಇವತ್ತು ಇದು ಮುಗೀಲಿ, ಆಮ್ಯಾಲೆ ಬಳೆ ವಿಚಾರ ಐತೆ. ಊರೋರು ನಗ್ತಾರಮ್ಮ.”

“ನಗೋರನ್ನ ಗಡಿಗೆ ಕಳಸ್ರಿ. ಅಲ್ಲಿ ನಿಂತು ನಗಲಿ.”

ದೊಡ್ಡಪ್ಪ ಕೇಳಲಿಲ್ಲ. ತಾವೇ ಗೂಟದಿಂದ ಅಂಗಿ ತೆಗೆದು, ಮಡಚಿ, ಅದೇ ಒಳಕೋಣೆಯಲ್ಲಿ ಮಣೆಯ ಮೇಲಿದ್ದ ಅಜ್ಜನ ಪಂಚೆಯ ಪಕ್ಕ ಇಟ್ಟರು. ಎಡೆ ಬಡಿಸಿದ್ದಾಯಿತು. ಕೊನೆಗೆ ಹೊರಬಂದು ಚಿಲಕ ಹಾಕಿದವನು ನಾನು. ಕೋಣೆಗೆ ಅದೊಂದೇ ಬಾಗಿಲು, ಕಿಟಕಿಗೆ ಕಬ್ಬಿಣದ ಸರಳು. ಅಪ್ಪ, ಅವ್ವ, ದೊಡ್ಡಪ್ಪ ಎಲ್ಲರೂ ನಡುಮನೆಯಲ್ಲಿ ಬಾಗಿಲ ಎದುರೇ ಕೂತಿದ್ದರು. ಚಿಕ್ಕಮ್ಮ ಕಂಬಕ್ಕೊರಗಿ ದೊಡ್ಡಪ್ಪನನ್ನೇ ದಿಟ್ಟಿಸುತ್ತಿದ್ದರು. ಯಾರೂ ಏಳಲಿಲ್ಲ. ಒಳಗಿನಿಂದ ಸದ್ದೂ ಬರಲಿಲ್ಲ.

ಬಾಗಿಲು ತೆಗೆದೆ. ಎಲೆಗಳು ಬಡಿಸಿದಂತೆಯೇ ಇದ್ದವು. ಅಜ್ಜನ ಪಂಚೆ, ಅಜ್ಜಿಯ ಸೀರೆ ಮಡಿಕೆ ಕೆಡದೆ ಇದ್ದವು. ಅಂಗಿ ಮಣೆಯ ಮೇಲಿರಲಿಲ್ಲ. ಗೂಟದಲ್ಲಿ ತೂಗುತ್ತಿತ್ತು.

ನಾನು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಚಿಕ್ಕಮ್ಮ ಒಳಗೆ ಹೋಗಿ, ಚಿಕ್ಕಪ್ಪನಿಗೆಂದು ಬಡಿಸಿದ್ದ ಎಲೆಯನ್ನು ಎತ್ತಿ ತಂದು ನಡುಮನೆಯಲ್ಲಿ ನನ್ನ ಮುಂದಿಟ್ಟರು.

“ಉಣ್ಣಪ್ಪ. ಇದು ಎಡೆ ಅಲ್ಲ, ಊಟ.”

ನಾನು ಉಂಡೆ. ದೊಡ್ಡಪ್ಪ, “ಹೋಳಿಗೆಗೆ ತುಪ್ಪ ಹಾಕಮ್ಮ ಅವನಿಗೆ,” ಎಂದರು. ಬಳೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಅಂಗಿ ಗೂಟಕ್ಕೆ ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ಸತ್ತವರು ಬಂದಿದ್ದರು ಎನ್ನಲಾರೆ. ಬದುಕಿರುವವರು ಬರುವ ದಾರಿಯೂ ಅದಲ್ಲ. ಚಿಕ್ಕಪ್ಪ ಇಂದಿಗೂ ಬಂದಿಲ್ಲ. ಆದರೆ ಅವರು ತೀರಿಕೊಂಡು ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ, ಯುದ್ಧಕ್ಕೆ ಹೋಗಿದ್ದಾರೆ ಎಂದಷ್ಟೇ ಹೇಳುತ್ತೇನೆ.